ಕಂಪ್ಯೂಟರು ಒಪ್ಪದ ಮನುಷ್ಯ

ಅನುಶ್ರೀ ದೇವರಾಜನನ್ನು ಮೊದಲು ನೋಡಿದ್ದು ಅವನ ಬೆನ್ನಿನ ಕಡೆಯಿಂದ. ಹಳ್ಳಿಮೈಸೂರಿನಲ್ಲಿ ಬಸ್ಸಿಳಿದು, ಗೊಬ್ಬರದ ಅಂಗಡಿ ಪಕ್ಕದ ಮಳಿಗೆ ಎಂದು ಕೇಳಿಕೊಂಡು ಬಂದವಳಿಗೆ ಕಂಡದ್ದು ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮಡಿಸಿ ಹಾಕಿದ ಟವೆಲು, ಟವೆಲಿಗೆ ಒರಗಿದ ಚೌಕಳಿ ಅಂಗಿ. ಎದುರಿಗೆ ಕಂಪ್ಯೂಟರು. ಅದರ ಹಣೆಗೆ ಮೂರು ಗೆರೆ ವಿಭೂತಿ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಪ್ರಿಂಟು ಹಾಕಿ ಅಂಟಿಸಿದ್ದ ಒಂದು ಹಾಳೆ: ‘ಸರ್ವರ್ ಯಾವಾಗ ಬರುತ್ತದೆ ಎಂದು ಕೇಳಬೇಡಿ. ನನಗೂ ಹೇಳಿ ಹೋಗಿಲ್ಲ.’ ಬಾಗಿಲ ಪಕ್ಕದ ಬೆಂಚಿನ ಮೇಲೆ ಎಲೆ ಅಡಿಕೆ ಹಾಕಿಕೊಂಡ ಒಬ್ಬ ಮುದುಕಿ, ಕೊಡೆ ಹಿಡಿದ ಒಬ್ಬ ಮುದುಕ. ಇಬ್ಬರೂ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು.

ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎಸ್ಸೆಸ್ಸೆಲ್ಸಿಯಿಂದ ಬಿ.ಎ.ವರೆಗಿನ ಅಂಕಪಟ್ಟಿಗಳಿದ್ದವು. ಮನೆಯಲ್ಲಿ ಅಷ್ಟು ಅಂಕಪಟ್ಟಿಗಳನ್ನು ಒಟ್ಟಿಗೆ ಹಿಡಿದವಳು ಅವಳೇ ಮೊದಲು. ಬಿ.ಎಡ್.ಗೆ ಅರ್ಜಿ ಹಾಕಬೇಕಿತ್ತು. ಅದನ್ನು ಹೇಗೆ ಕೇಳಬೇಕೆಂದು ಬಸ್ಸಿನಲ್ಲಿ ಎರಡು ಮೂರು ವಾಕ್ಯಗಳನ್ನೂ ಹೊಂದಿಸಿಕೊಂಡು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಚೌಕಳಿ ಅಂಗಿ ತಿರುಗದೆ ಕೇಳಿತು:

“ಮೇಡಂ, ನೀವು ಮನುಷ್ಯರೇ ತಾನೆ?”

ಹೋದ ಮನೆಯಲ್ಲಿ ನೀರು ಕೊಡುವ ಮೊದಲು ಊರು ಕೇಳುವುದುಂಟು, ಇದನ್ನು ಯಾರೂ ಕೇಳಿದ್ದಿಲ್ಲ. ಅವಮಾನವೋ ವಿಚಾರಣೆಯೋ ತಿಳಿಯದೆ ಅವಳು, “ಯಾಕೆ ಸರ್?” ಎಂದಳು.

“ಹೌದು ಅನ್ನೋದಾದ್ರೆ ಈ ಕುರ್ಚೀಲಿ ಕೂತ್ಕಳಿ. ಬೆಟ್ಟಮ್ಮನ ಪಿಂಚಣಿ ನಿಂತೋಗ್ಯದೆ.”

ಅವನು ಎದ್ದು ಕುರ್ಚಿ ಬಿಟ್ಟ. ಪರದೆಯ ಮೇಲೆ ಒಂಬತ್ತು ಚೌಕಗಳಲ್ಲಿ ಒಂಬತ್ತು ಚಿತ್ರ. ಬಸ್ಸು ಇರುವ ಚೌಕಗಳನ್ನೆಲ್ಲ ಒತ್ತಿ, ನೀವು ರೋಬೋ ಅಲ್ಲವೆಂದು ತೋರಿಸಿ ಎಂದು ಮೇಲೆ ಬರೆದಿತ್ತು. ಅವಳು ಬಸ್ಸುಗಳನ್ನು ಒತ್ತಿದಳು. ಹಸಿರು ಗೆರೆ ಬಂತು. ಬೆಟ್ಟಮ್ಮ ಬೆಂಚಿನಿಂದಲೇ, “ಮನುಸ್ರೇ ಕಣ,” ಎಂದು ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದ ಶಿವಯ್ಯನಿಗೆ ವರದಿ ಮಾಡಿದಳು.

ಈ ಏರ್ಪಾಡು ಏಕೆಂದು ಅನುಶ್ರೀಗೆ ಆಮೇಲೆ ಗೊತ್ತಾಯಿತು. ಕಂಪ್ಯೂಟರು ದೇವರಾಜನನ್ನು ಮನುಷ್ಯ ಎಂದು ಒಪ್ಪುತ್ತಿರಲಿಲ್ಲ.

ಅದಕ್ಕೆ ಅವನದೇ ಕೈಚಳಕ ಕಾರಣ. ಹಾಸನದಲ್ಲಿ ಡಿಪ್ಲೊಮಾ ಓದುವಾಗಲೇ ಅವನಿಗೆ ಬ್ರೌಸರಿನ ಹುಚ್ಚು ಹಿಡಿದಿತ್ತು. ಬ್ರೌಸರಿಗೆ ಸಿಕ್ಕಿಸಬಹುದಾದ ಚಿಕ್ಕ ಚಿಕ್ಕ ಉಪಕರಣಗಳನ್ನೆಲ್ಲ ಅವನು ಸಿಕ್ಕಿಸಿದ್ದ, ಸಿಗದಿದ್ದನ್ನು ತಾನೇ ಬರೆದಿದ್ದ. ಜಾಹೀರಾತು ತಡೆಯುವುದಕ್ಕೆ ಒಂದಿತ್ತು. ಅದನ್ನು ದೃಷ್ಟಿಗೊಂಬೆ ಎನ್ನುತ್ತಿದ್ದ. ಸರ್ವರ್ ಎಚ್ಚರವಾಗುವವರೆಗೂ ಪುಟದ ಬಾಗಿಲನ್ನು ತಟ್ಟುತ್ತಲೇ ಇರುವುದಕ್ಕೆ ಇನ್ನೊಂದು. ಅದು ಸಾಲಗಾರ. ಹೆಸರು, ತಂದೆಯ ಹೆಸರು, ವಿಳಾಸ, ಪಿನ್‌ಕೋಡುಗಳನ್ನು ಒಂದೇ ಉಸಿರಿಗೆ ತುಂಬುವುದು ನಾಟಿ ಯಂತ್ರ. ಇವೆಲ್ಲ ಸೇರಿ ಕೆಲಸ ಮಾಡಿದರೆ, ಬೇರೆಯವರು ‘ಅರ್ಜಿದಾರರ ಹೆಸರು’ ಎಂದು ಓದಿ ಮುಗಿಸುವಷ್ಟರಲ್ಲಿ ದೇವರಾಜನ ಅರ್ಜಿ ಮುಗಿದಿರುತ್ತಿತ್ತು.

ಹಾಗೆಯೇ ಒಮ್ಮೆ ಅವನು ಒಂದು ನೇಮಕಾತಿಗೆ ಅರ್ಜಿ ಹಾಕಿದ. ಜಿಲ್ಲೆಗೆಲ್ಲ ಮೊದಲ ಅರ್ಜಿ ತನ್ನದೇ ಇರಬೇಕೆಂದು ನಾಟಿ ಯಂತ್ರ ಬಿಟ್ಟ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಅರ್ಜಿ ಹೋಯಿತು. ಇಷ್ಟು ಬೇಗ ತುಂಬುವುದು ಮನುಷ್ಯನಿಂದ ಸಾಧ್ಯವಿಲ್ಲವೆಂದು ಆ ಸೈಟು ತೀರ್ಮಾನಿಸಿ ಅರ್ಜಿಯನ್ನು ರದ್ದು ಮಾಡಿತು. ನಾನು ಮನುಷ್ಯನೇ ಎಂದು ಅವನು ಬರೆದ ಮೇಲ್‌ಗೆ, ‘ಇದು ಯಂತ್ರ ಕಳಿಸುತ್ತಿರುವ ಉತ್ತರ, ದಯವಿಟ್ಟು ಉತ್ತರಿಸಬೇಡಿ’ ಎಂಬ ಉತ್ತರ ಬಂತು. ಆ ವರ್ಷದ ಕೊನೆಗೆ ಅವನು ಹಳ್ಳಿಮೈಸೂರಿಗೆ ಬಂದು ಅಂಗಡಿ ಹಾಕಿದ. ಈ ಸಂಗತಿಯನ್ನು ಅವನು ಅನುಶ್ರೀಗೆ ಹೇಳಿದ್ದು ಪ್ರಿಂಟರಿಗೆ ಹಾಳೆ ತುಂಬುತ್ತಾ, ಬೇರೆ ಯಾರದೋ ಎಮ್ಮೆ ಕಳೆದುಹೋದ ಕಥೆ ಹೇಳುವ ಹಾಗೆ.

ಅಂಗಡಿಯಲ್ಲೂ ಅದೇ ಗ್ರಹಚಾರ. ಒಂದೇ ಕಂಪ್ಯೂಟರಿನಿಂದ ಊರಿನ ಅರ್ಜಿಯೆಲ್ಲ ಮಿಂಚಿನ ವೇಗದಲ್ಲಿ ಹೋಗುವುದು ನೋಡಿ ಸೈಟುಗಳು ಅವನ ಮೇಲೆ ಸಂಶಯಪಟ್ಟವು. ಅವನು ಚೌಕಗಳನ್ನು ಎಷ್ಟೇ ಸರಿಯಾಗಿ ಒತ್ತಿದರೂ ಮತ್ತೊಂದು, ಮತ್ತೊಂದು ಎಂದು ಕೊಡುತ್ತಲೇ ಹೋಗುತ್ತಿದ್ದವು. ಬೆಂಚಿನವರು ಬಂದು ನಿಧಾನಕ್ಕೆ ಒತ್ತಿದರೆ ಬಿಡುತ್ತಿದ್ದವು. ಹಾಗಾಗಿ ಹಳ್ಳಿಮೈಸೂರಿನಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಅರ್ಜಿ ತುಂಬುವುದು ದೇವರಾಜ, ಚೌಕ ಒತ್ತುವುದು ಬೆಂಚು.

ಅದಕ್ಕೊಂದು ಕಟ್ಟಳೆ ಮಾಡಿದವನು ಶಿವಯ್ಯ. ಅವನು ಹರೆಯದಲ್ಲಿ ಸರ್ವೆಯರುಗಳ ಹಿಂದೆ ಚೈನು ಹಿಡಿದು ತಿರುಗಿದವನು, ಅರಕಲಗೂಡು ಹೊಳೆನರಸೀಪುರದ ಅರ್ಧ ಬಾಂದುಕಲ್ಲುಗಳಿಗೆ ತಾನೇ ಸಾಕ್ಷಿ ಎನ್ನುವವನು. ಅವನ ಕಟ್ಟಳೆ ಇದು: ಯಾರ ಕೆಲಸವೋ ಅವರು ಚೌಕ ಮುಟ್ಟಬಾರದು. ವ್ಯಾಜ್ಯ ಇರುವವನು ಪಂಚಾಯ್ತಿ ಕಟ್ಟೆಯ ಮೇಲೆ ಕೂರುವುದುಂಟೆ? ಆಸೆ ಇರುವ ಕೈ ಅಲ್ಲಾಡುತ್ತದೆ. ಆದ್ದರಿಂದ ಬೆಟ್ಟಮ್ಮನ ಪಿಂಚಣಿಗೆ ಅನುಶ್ರೀ, ಅನುಶ್ರೀ ಅರ್ಜಿಗೆ ಶಿವಯ್ಯ, ಶಿವಯ್ಯನ ಪಹಣಿಗೆ ಬೆಟ್ಟಮ್ಮ.

ಈ ಪಂಚಾಯ್ತಿ ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ಬೇಕಾದಷ್ಟು ಮಾಡುತ್ತಿತ್ತು. ತಪ್ಪಾದಾಗ ಕಂಪ್ಯೂಟರು ಹೊಸ ಚಿತ್ರಗಳನ್ನು ತಂದಿಡುತ್ತಿತ್ತು. ಬೆಂಚಿನವರು ಅದನ್ನು ತಪ್ಪು ಎಂದು ತಿಳಿಯುತ್ತಿರಲಿಲ್ಲ, ಮುಂದಿನ ವ್ಯಾಜ್ಯ ಬಂತು ಎಂದು ತಿಳಿಯುತ್ತಿದ್ದರು. ಒಳ್ಳೆಯ ತೀರ್ಪು ಕೊಡುವವರ ಹತ್ತಿರ ತಾನೆ ಹೆಚ್ಚು ವ್ಯಾಜ್ಯ ಬರುವುದು.

ದೇವರಾಜನ ಮಾತುಗಳೂ ಊರಿಗೆ ಹತ್ತಿದವು. ಪುಟ ಸಿಗದಿದ್ದಾಗ ಕಂಪ್ಯೂಟರು ತೋರಿಸುವ ನಾನೂರ ನಾಲ್ಕು ಎಂಬ ಸಂಖ್ಯೆ ಎದುರಿನ ಟೀ ಅಂಗಡಿ ಶಿವಕುಮಾರನ ಬಾಯಿಗೆ ಬಂದು, ಅಲ್ಲಿಂದ ಊರಿಗೆ ಹೋಯಿತು. ಗ್ರಾಮ ಪಂಚಾಯ್ತಿ ಕಾರ್ಯದರ್ಶಿ ಇದ್ದಾರಾ ಎಂದು ಯಾರಾದರೂ ಕೇಳಿದರೆ, “ನಾನೂರ ನಾಲ್ಕು,” ಎಂದು ಹೇಳಿದರೆ ಸಾಕಿತ್ತು. ಹೊರಗಿನವರಿಗೆ ಅದು ಬಸ್ಸಿನ ನಂಬರಿನಂತೆ ಕೇಳಿಸುತ್ತಿತ್ತು. ಕೆಲವರು ಅದನ್ನು ಕಾದು ನಿಂತದ್ದೂ ಉಂಟು.

ಆದರೆ ಊರ ಬಾಯಿಗೆ ಬಿದ್ದದ್ದರಿಂದ ಅವನಿಗೆ ಒಂದು ನಷ್ಟವೂ ಆಯಿತು. ಚನ್ನರಾಯಪಟ್ಟಣದಿಂದ ಹೆಣ್ಣಿನ ಕಡೆಯವರು ಅವನನ್ನು ವಿಚಾರಿಸಲು ಬಂದವರು, ಎಲ್ಲರೂ ಮಾಡುವಂತೆ ಮೊದಲು ಟೀ ಅಂಗಡಿಯಲ್ಲಿ ಕೂತರು. ಶಿವಕುಮಾರನಲ್ಲಿ ಕಲ್ಮಶವಿರಲಿಲ್ಲ.

“ಉಡುಗ ಚಿನ್ನ ಸಾ. ಬೀಡಿ ಇಲ್ಲ, ಎಂಡ ಇಲ್ಲ,” ಎಂದ. “ಕಂಪ್ಯೂಟ್ರು ಮಾತ್ರ ಅವನ್ನ ಮನುಸ ಅಂತ ಒಪ್ಪಾಕಿಲ್ಲ.”

ಬಂದವರಲ್ಲಿ ಹಿರಿಯರು ಟೀ ಮುಗಿಸಿ, ಲೋಟ ಇಟ್ಟು, “ಉಟ್ಟಿದಾಗಿಂದ್ಲಾ?” ಎಂದು ಕೇಳಿದರು.

“ಇಲ್ಲ ಸಾ. ಅಂಗಡಿ ಆಕಿದ್ಮ್ಯಾಲೆ.”

ಅವರು ತಿಳಿಸುತ್ತೇವೆ ಎಂದು ಹೇಳಿ ಹೋದರು. ಹುಡುಗಿಯ ಹೆಸರು ಭವ್ಯಶ್ರೀ ಎಂಬುದಷ್ಟೇ ದೇವರಾಜನಿಗೆ ಗೊತ್ತಿತ್ತು. ಅವನು ಎರಡು ದಿನ ಟೀ ಬೇರೆ ಕಡೆ ಕುಡಿದ.

ಅನುಶ್ರೀಯ ಸೀಟು ಹಂಚಿಕೆ ಬಂದದ್ದು ಈ ಹೊತ್ತಿಗೆ. ಹಾಸನದ ಕಾಲೇಜೇ ಸಿಕ್ಕಿತ್ತು. ಅವಳ ಅಪ್ಪ ತಿಮ್ಮಪ್ಪ ಅರ್ಜಿ ಹಾಕುವ ದಿನವೇ ಮಾತು ಮುಗಿಸಿದ್ದ. ಹಾಸನವಾದರೆ ತಮ್ಮೂರು ಹರದನಹಳ್ಳಿಯಿಂದ ದಿನಾ ಹೋಗಿ ಬರಬಹುದು, ಓದಲಿ. ಬೇರೆ ಜಿಲ್ಲೆಗೆ ಹಾಕಿದರೆ ಹಾಸ್ಟೆಲು ಗೀಸ್ಟೆಲು ಎಂದು ಕಳಿಸುವುದಿಲ್ಲ. ಬಂದ ಸೀಟನ್ನು ಗಡುವಿನೊಳಗೆ ಒಪ್ಪಿಕೊಳ್ಳದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ, ಉಳಿದದ್ದು ಎಲ್ಲಿ ಸಿಗುತ್ತದೋ ಹೇಳಲಾಗದು. ಅಂದರೆ ಈ ಸೀಟು ಹೋದರೆ ಅವಳು ಟೀಚರ್ ಆಗುವುದೂ ಹೋದಂತೆಯೇ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಾಗಿದ್ದೂ ಕೊನೆಯ ದಿನದವರೆಗೆ ಕೆಲಸ ಉಳಿದದ್ದು ತಿಮ್ಮಪ್ಪನಿಂದಲೇ. ಅವನು ಒಪ್ಪಿಗೆ ಕೊಡುವ ಮೊದಲು ತಾನೇ ಬೆಳಗಿನ ಬಸ್ಸು ಹತ್ತಿ ಹಾಸನಕ್ಕೆ ಹೋದ. ಕಾಲೇಜಿನ ಗೇಟಿನ ಎದುರಿಗೆ ಒಂದು ಮರದ ಕೆಳಗೆ ಮಧ್ಯಾಹ್ನದವರೆಗೆ ನಿಂತು, ಹುಡುಗಿಯರು ಹೇಗೆ ಬರುತ್ತಾರೆ ಹೇಗೆ ಹೋಗುತ್ತಾರೆ ನೋಡಿದ. ಸಂಜೆಯ ಬಸ್ಸಿನಲ್ಲಿ ವಾಪಸು ಬಂದ. ಮಾರನೆಯ ದಿನ ಕಡೆಯ ಬಸ್ಸು ತಪ್ಪಿದರೆ ಏನು ಗತಿ ಎಂದು ತಿಳಿಯಲು ಬೇಕೆಂದೇ ಅದನ್ನು ತಪ್ಪಿಸಿಕೊಂಡು ನೋಡಿದ. ಒಂದು ಟೆಂಪೋ ಸಿಕ್ಕಿತು. ಮರುದಿನ ಬೆಳಿಗ್ಗೆ, “ಆಗ್ಲಿ ಕಣವ್ವ,” ಎಂದ. ಅಷ್ಟರಲ್ಲಿ ಗಡುವು ಆ ದಿನ ಸಂಜೆ ಐದಕ್ಕೆ ಬಂದು ನಿಂತಿತ್ತು.

ಮೊಬೈಲಿನಲ್ಲಿ ಆ ಸೈಟು ಅರ್ಧ ಮಾತ್ರ ಕಾಣುತ್ತಿತ್ತು. ಒಪ್ಪಿಗೆಯ ಬಟನ್ ಇದ್ದದ್ದು ಇನ್ನರ್ಧದಲ್ಲಿ. ಅಪ್ಪ ಮಗಳು ಬೈಕಿನಲ್ಲಿ ಹಳ್ಳಿಮೈಸೂರಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಕರೆಂಟು ನಾನೂರ ನಾಲ್ಕು. ಅದು ಬರುವವರೆಗೆ ಎಲ್ಲರೂ ಬೆಂಚಿನ ಮೇಲೆ ಕೂತರು. ನಾಲ್ಕು ದಾಟಿದ ಮೇಲೆ ಕರೆಂಟು ಬಂತು, ಸರ್ವರ್ ಮಲಗಿತ್ತು. ದೇವರಾಜ ಸಾಲಗಾರನನ್ನು ಬಿಟ್ಟ. ಅದು ಬಾಗಿಲು ತಟ್ಟಿ ತಟ್ಟಿ ಕೊನೆಗೆ ಪುಟ ತೆರೆಸಿತು. ನಾಟಿ ಯಂತ್ರ ಅವಳ ವಿವರವನ್ನು ನೆಟ್ಟಿತು. ಕೊನೆಗೆ ಚೌಕ ಬಂತು. ಬೈಕು ಇರುವ ಚೌಕಗಳನ್ನು ಒತ್ತಬೇಕು.

ಈ ಸಲದ್ದು ಬೇರೆ ಬೇರೆ ಚಿತ್ರಗಳಲ್ಲ. ಒಂದೇ ದೊಡ್ಡ ಚಿತ್ರವನ್ನು ಚೌಕಗಳಾಗಿ ಕುಯ್ದಿದ್ದರು. ನಡುವೆ ಒಂದು ಬೈಕು. ಶಿವಯ್ಯ ಕೊಡೆಯನ್ನು ಬೆಟ್ಟಮ್ಮನ ಕೈಗೆ ಕೊಟ್ಟು ಕುರ್ಚಿಗೆ ಬಂದು, ಬಹಳ ಹೊತ್ತು ನೋಡಿದ. ಬೈಕು ನಾಲ್ಕು ಚೌಕಗಳಲ್ಲಿ ಸರಿಯಾಗಿ ಕೂತಿತ್ತು. ಆದರೆ ಕನ್ನಡಿಯ ತುದಿ ಕೂದಲೆಳೆಯಷ್ಟು ಮೇಲಿನ ಚೌಕಕ್ಕೆ ಹೋಗಿತ್ತು.

“ಇದು ಒತ್ತುವರಿ,” ಎಂದ ಶಿವಯ್ಯ. “ಬದು ಒಂದು ಗೇಣು ಅತ್ಲಾಗೆ ಓದ್ರೂ ಅದು ಆ ಸರ್ವೆ ನಂಬ್ರಿಗೆ ಸೇರ್ತದೆ.”

ಕನ್ನಡಿಯ ಚೌಕವನ್ನೂ ಒತ್ತಿದ. ಕಂಪ್ಯೂಟರು ಒಪ್ಪಲಿಲ್ಲ.

ಎರಡನೆಯ ಚಿತ್ರಕ್ಕೆ ಬೆಟ್ಟಮ್ಮ ಕೂತಳು. ಅದರಲ್ಲಿ ಬೈಕಿನ ಮೇಲೆ ಒಬ್ಬ ಸವಾರನಿದ್ದ. ಅವನ ತಲೆ, ಹೆಗಲು ಬೇರೆ ಚೌಕಗಳಲ್ಲಿದ್ದವು. ಬೈಕನ್ನಷ್ಟೇ ಒತ್ತಿ ಎಂದು ದೇವರಾಜ ಹಿಂದಿನಿಂದ ಮೆಲ್ಲಗೆ ಹೇಳಿದ. ಬೆಟ್ಟಮ್ಮ ತಿರುಗಿ ನೋಡಿದಳು.

“ಆಳಿಲ್ದೆ ಗಾಡಿ ಓಡ್ತದೇನ್ಲಾ?”

ಸವಾರನನ್ನು ತಲೆಯವರೆಗೂ ಒತ್ತಿದಳು. ಕಂಪ್ಯೂಟರು ಒಪ್ಪಲಿಲ್ಲ. ಈ ಸಲ ಹೊಸ ಚಿತ್ರದ ಬದಲು ಕೆಂಪಕ್ಷರದಲ್ಲಿ ಒಂದು ಸಾಲು ಬಂತು. ಇನ್ನೊಮ್ಮೆ ತಪ್ಪಿದರೆ ಈ ಖಾತೆಯನ್ನು ನಾಳೆಯವರೆಗೆ ಮುಚ್ಚಲಾಗುವುದು.

ದೇವರಾಜ ಅದನ್ನು ಓದಿ ಹೇಳಿದ. ಬೆಂಚಿಗೆ ಮೊದಲ ಬಾರಿಗೆ ತಪ್ಪು ಎಂದರೆ ಏನೆಂದು ತಿಳಿಯಿತು. ಬೆಟ್ಟಮ್ಮ ಕುರ್ಚಿಯಿಂದ ಎದ್ದು, ಯಾರ ಮುಖವನ್ನೂ ನೋಡದೆ ಹೋಗಿ ಕೂತಳು. ಶಿವಯ್ಯ ಕೊಡೆ ವಾಪಸು ಇಸಿದುಕೊಂಡ. ತಿಮ್ಮಪ್ಪ ಬಾಗಿಲಲ್ಲಿ ಹೆಲ್ಮೆಟ್ಟು ಹಿಡಿದು ನಿಂತಿದ್ದ. ಹಾಸನದ ಮರದ ಕೆಳಗೂ ಅವನು ಹೀಗೇ ನಿಂತಿದ್ದಿರಬೇಕು ಎಂದು ಅನುಶ್ರೀಗೆ ಅನ್ನಿಸಿತು.

ಅವಳು ತಾನೇ ಕೂರೋಣವೆಂದು ಕುರ್ಚಿಯವರೆಗೆ ಬಂದಳು. ಮೂರು ವರ್ಷ ಬಿ.ಎ. ಓದಿದ್ದರೂ, ಕನ್ನಡಿ ಸೇರುತ್ತದೋ ಇಲ್ಲವೋ, ಸವಾರ ಸೇರುತ್ತಾನೋ ಇಲ್ಲವೋ ಎಂದು ಈಗ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಮೌಸಿನ ಮೇಲೆ ಕೈ ಇಟ್ಟಳು. ಶಿವಯ್ಯನ ಕಟ್ಟಳೆ ಸುಳ್ಳಲ್ಲ, ಕೈ ಅಲ್ಲಾಡುತ್ತಿತ್ತು. ತೆಗೆದುಬಿಟ್ಟಳು.

“ದೇವರಾಜಣ್ಣ, ನೀವೇ ಮಾಡಿ.”

“ನಾನು ಮಾಡಿದ್ರೆ ರೋಬೋ ಅಂತದೆ.”

“ಅಂದ್ರೆ ಅನ್ಲಿ. ನೀವು ಮಾಡಿ ಹೋಯ್ತು ಅಂತ ಆಗ್ಲಿ, ನಾನು ಮಾಡಿ ಹೋಯ್ತು ಅಂತ ಬೇಡ.”

ದೇವರಾಜ ಗಡಿಯಾರ ನೋಡಿದ. ತಿಮ್ಮಪ್ಪನನ್ನು ನೋಡಿದ. ತಿಮ್ಮಪ್ಪ, “ಮಾಡಪ್ಪ,” ಎಂದ.

ದೇವರಾಜ ಕೂತು, ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವವನಂತೆ ತನ್ನ ಉಪಕರಣಗಳನ್ನು ಒಂದೊಂದಾಗಿ ಆರಿಸತೊಡಗಿದ. ನಾಟಿ ಯಂತ್ರ ಆರಿತು. ಸಾಲಗಾರ ಮನೆಗೆ ಹೋದ. ಕೊನೆಗೆ, ಒಂದು ಗಳಿಗೆ ತಡೆದು, ದೃಷ್ಟಿಗೊಂಬೆಯನ್ನೂ ಇಳಿಸಿದ. ಪುಟವನ್ನು ಮತ್ತೆ ತೆರೆಯಬೇಕಾಯಿತು. ಬ್ರೌಸರು ಮೊದಲ ಪುಟದಲ್ಲೇ ಇಷ್ಟು ವರ್ಷ ತಡೆದಿಟ್ಟಿದ್ದ ಜಾಹೀರಾತುಗಳನ್ನೆಲ್ಲ ಒಟ್ಟಿಗೆ ಬಿಟ್ಟಿತು. ಮಂಡಿನೋವಿನ ಎಣ್ಣೆ ಬಂತು. ಕೂದಲು ಬೆಳೆಸುವವರು ಬಂದರು. ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಸೈಟು ಎಂದು ಒಬ್ಬ ಕೈ ಬೀಸಿ ಕರೆದ.

“ಆ ನಂಬ್ರ ಬರ್ಕಳಲಾ,” ಎಂದ ಶಿವಯ್ಯ. “ಯಾವ ಸರ್ವೆ ನಂಬ್ರಂತೆ?”

ಬೆಟ್ಟಮ್ಮ ಅವನ ಕೊಡೆ ಕಸಿದುಕೊಂಡು ಅದರಿಂದಲೇ ಅವನ ಮೊಣಕಾಲಿಗೆ ತಿವಿದಳು.

ದೇವರಾಜ ಎಲ್ಲವನ್ನೂ ಕೈಯಲ್ಲೇ ತುಂಬಿದ. ಅನುಶ್ರೀ ತನ್ನ ಹೆಸರನ್ನು ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ನೋಡಿದಳು. ಅವನಿಗೆ ಟೈಪು ಮಾಡಲು ಸರಿಯಾಗಿ ಬರುತ್ತಿರಲಿಲ್ಲ. ಇದುವರೆಗೆ ಬೇಕಾಗಿರಲಿಲ್ಲ. ತಂದೆಯ ಹೆಸರಿನ ಹತ್ತಿರ ತಪ್ಪಿ ಅಳಿಸಿ ಮತ್ತೆ ಬರೆದ. ಪುಟದ ಕೊನೆಗೆ ಒಂದು ಖಾಲಿ ಚೌಕ, ಅದರ ಪಕ್ಕದಲ್ಲಿ ‘ನಾನು ರೋಬೋ ಅಲ್ಲ’ ಎಂಬ ಸಾಲು. ಅದನ್ನು ಒತ್ತಿದರೆ ಆಮೇಲೆ ಚಿತ್ರಗಳು ಬರುತ್ತವೆ.

ಅವನು ಮೌಸು ಹಿಡಿದ. ಬಾಣದ ಗುರುತು ನೆಟ್ಟಗೆ ಹೋಗಲಿಲ್ಲ. ಎತ್ತು ನೀರಿಗೆ ಹೋಗುವ ಹಾಗೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ನಡೆದು, ಚೌಕವನ್ನು ದಾಟಿಹೋಗಿ, ನಿಂತು, ತಿರುಗಿ ಬಂದು, ಒಳಗೆ ಇಳಿಯಿತು. ಅವನು ಒತ್ತಿದ.

ಚೌಕದೊಳಗೆ ಒಂದು ಸುತ್ತು ತಿರುಗಿತು. ಹಸಿರು ಗೆರೆ ಬಿತ್ತು. ಚಿತ್ರಗಳು ಬರಲೇ ಇಲ್ಲ.

ದೇವರಾಜ ಪರದೆಯನ್ನು ಹಾಗೇ ನೋಡುತ್ತಾ ಕೂತಿದ್ದ. ಒಪ್ಪಿಗೆಯ ಬಟನ್ ಒತ್ತಿ ಎಂದು ಅನುಶ್ರೀಯೇ ನೆನಪಿಸಬೇಕಾಯಿತು. ಅವನು ಒತ್ತಿದ. ‘ನಿಮ್ಮ ಸೀಟು ಖಚಿತವಾಗಿದೆ’ ಎಂದು ಬಂತು. ಪ್ರಿಂಟರಿಗೆ ಎಂದಿನಂತೆ ಪಕ್ಕದಿಂದ ಒಂದು ಏಟು ಕೊಟ್ಟ ಮೇಲೆ ಹಾಳೆ ಹೊರಗೆ ಬಂತು. ತಿಮ್ಮಪ್ಪ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು, ಮಡಿಸಲು ಮನಸ್ಸಾಗದೆ, ಹೆಲ್ಮೆಟ್ಟಿನೊಳಗೆ ಸುರುಳಿ ಮಾಡಿ ಇಟ್ಟ. ಊರವರೆಗೆ ಬರಿತಲೆಯಲ್ಲೇ ಬೈಕು ಓಡಿಸಿದ.

“ಅಂತೂ ನಮ್ ದೇವು ಮನುಸ ಆದ ಕಣ,” ಎಂದಳು ಬೆಟ್ಟಮ್ಮ.

ಮೌಸಿಗೆ ದೂಳು ಹಿಡಿದಿತ್ತು, ಅದಕ್ಕೇ ಬಾಣ ಹಾಗೆ ಹೋಯಿತು ಎಂದು ದೇವರಾಜ ಎಲ್ಲರಿಗೂ ವಿವರಿಸಿದ. ಅಷ್ಟು ನೆಟ್ಟಗೆ, ಅಷ್ಟು ಬೇಗ ಹೋಗುವ ಕೈಯನ್ನು ಸೈಟುಗಳು ನಂಬುವುದಿಲ್ಲವಂತೆ. ತಡವರಿಸಿದರೆ ನಂಬುತ್ತವಂತೆ. ಶಿವಯ್ಯ ಕೇಳಿಕೊಂಡು, ಆಸೆ ಇರುವ ಕೈ ಅಲ್ಲಾಡುತ್ತದೆ ಎಂದು ತಾನು ಹೇಳಿದ್ದನ್ನು ನೆನಪಿಸಿದ. ಆದರೆ ಇದು ದೇವುವಿನ ಕೆಲಸವಾಗಿರಲಿಲ್ಲವಲ್ಲ ಎಂದು ಶಿವಕುಮಾರ ಟೀ ಲೋಟ ಎತ್ತಿಕೊಳ್ಳುತ್ತಾ ಕೇಳಿದ. ಶಿವಯ್ಯ ಆ ವ್ಯಾಜ್ಯವನ್ನು ಮುಂದಕ್ಕೆ ಹಾಕಿ ಕೊಡೆ ಎತ್ತಿಕೊಂಡ. ಮೌಸನ್ನು ಬಿಚ್ಚಿ ನೋಡಿದವರು ಯಾರೂ ಇಲ್ಲ.

ಸುದ್ದಿ ಚನ್ನರಾಯಪಟ್ಟಣಕ್ಕೂ ಮುಟ್ಟಿತು. ಹುಡುಗ ಸರಿಹೋಗಿದ್ದಾನಂತೆ, ಇನ್ನೊಮ್ಮೆ ಮಾತಾಡೋಣವೇ ಎಂದು ಆ ಹಿರಿಯರು ಹೇಳಿ ಕಳಿಸುವಷ್ಟರಲ್ಲಿ, ಭವ್ಯಶ್ರೀ ತನಗೆ ಬೇಕಾದವನನ್ನು ತಾನೇ ಒಂದು ವಧು-ವರರ ಸೈಟಿನಲ್ಲಿ ಹುಡುಕಿಕೊಂಡಾಗಿತ್ತು. ಅಲ್ಲಿಯೂ ಮೊದಲು ರೋಬೋ ಅಲ್ಲವೆಂದು ತೋರಿಸಬೇಕಂತೆ. ಈ ಏರ್ಪಾಡು ಎಲ್ಲ ಕಡೆಯೂ ಇರಬೇಕಾದದ್ದೇ ಎಂದು ಬೆಟ್ಟಮ್ಮ ಹೇಳಿದಳು.

ಅನುಶ್ರೀ ಬಿ.ಎಡ್. ಮುಗಿಸಿ ಅರಕಲಗೂಡು ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ರಜೆಯಲ್ಲಿ ಹಳ್ಳಿಮೈಸೂರಿನ ಮೇಲೆ ಹೋಗುವಾಗ ಬಸ್ಸಿಳಿದು ಆ ಅಂಗಡಿಗೆ ಹೋಗಿ ಬರುತ್ತಾಳೆ. ಬೆಂಚು ಇದೆ. ಕೊಡೆಯೂ ಇದೆ. ಗೋಡೆಯ ಹಾಳೆ ಹಳದಿಯಾಗಿದೆ.

ದೇವರಾಜ ಈಗಲೂ ಅಲ್ಲೇ ಅರ್ಜಿ ತುಂಬುತ್ತಾನೆ. ಅಕ್ಷರ ಹುಡುಕಿ ಹುಡುಕಿ ಕೈಯಲ್ಲೇ ತುಂಬುತ್ತಾನೆ. ಚೌಕ ಬಂದರೆ ತಾನೇ ಒತ್ತುತ್ತಾನೆ.